40 ಗೋಣಿ ಪಟೋರ: ಒಂದು ಅಡಿಕೆ ಬಾಕಿಯ ಪ್ರಕರಣ

ಭಟ್ರು ನನ್ನ ಆಫೀಸಿಗೆ ಬಂದದ್ದು 2024ರ ಸೆಪ್ಟೆಂಬರಿನ ಒಂದು ಸಂಜೆ. ಕಾಸರಗೋಡು ವಿದ್ಯಾನಗರದ ಕೋರ್ಟಿನಿಂದ ಬಂದು ನಾನು ಆಗಷ್ಟೇ ಕೋಟು ಬಿಚ್ಚಿದ್ದೆ. ಅವರ ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಮಾತಿಗೆ ಮೊದಲೇ ಅದನ್ನು ಮೇಜಿನ ಮೇಲೆ ಬೋರಲು ಹಾಕಿದರು. ಬಿಲ್ಲು, ತೂಕದ ಚೀಟಿ, ಲಾರಿ ಬಾಡಿಗೆಯ ರಶೀದಿ, ನಾಲ್ಕು ಮಡಿಕೆಯ ಒಂದು ಚೆಕ್ಕು. ಜೊತೆಗೆ ಎರಡು ಅಡಿಕೆಯೂ ಉರುಳಿ ಕೆಳಗೆ ಬಿದ್ದವು.

"ವಕೀಲ್ರೇ, ಮೂವತ್ತಾರು ಲಕ್ಷದ ಇಪ್ಪತ್ತೆಂಟು ಸಾವಿರ. ಕೊಡ್ತೇನೆ ಕೊಡ್ತೇನೆ ಅಂತ ಎರಡೂವರೆ ವರ್ಷ ಮಾಡಿದ್ರು. ಈಗ ಮಾಲೇ ಸರಿ ಇರ್ಲಿಲ್ಲ ಅಂತಾರೆ."

ಭಟ್ರು ಅನ್ನುವುದು ನಾನಿಟ್ಟ ಹೆಸರು. ಗುರುತು ಸಿಗಬಾರದು ಅಂತ ಊರು, ತಾರೀಕು, ಮೊತ್ತಗಳನ್ನೂ ಅಲ್ಲಲ್ಲಿ ಬದಲಿಸಿದ್ದೇನೆ. ಕಾನೂನು ಮತ್ತು ನಡೆದ ದಾರಿ ಇದ್ದ ಹಾಗೇ ಇದೆ.

ಭಟ್ರದ್ದು ಬದಿಯಡ್ಕದ ಕಡೆ ಅಡಿಕೆ ಅಂಗಡಿ. ಸುತ್ತಲಿನ ಕೃಷಿಕರಿಂದ ಚಾಲಿ, ಅಂದರೆ ಬಿಸಿಲಿಗೆ ಒಣಗಿಸಿ ಸುಲಿದ ಅಡಿಕೆ ಕೊಂಡು, ಗಾರ್ಬಲ್ ಮಾಡಿ (ಹೆಕ್ಕಿ ವಿಂಗಡಿಸಿ), ದರ್ಜೆ ಬೇರೆ ಮಾಡಿ ಆಚೆಗೆ ಮಾರುತ್ತಾರೆ. ಕಾದಿಟ್ಟ ಹಳೆ ಅಡಿಕೆಗೆ ರೇಟು ಹೆಚ್ಚು, ಪಟೋರ ಅನ್ನುವ ದರ್ಜೆಗೆ ಕಡಿಮೆ. ಕೊಂಡವರು ಗಡಿಯಾಚೆ ಕರ್ನಾಟಕದ ವ್ಯಾಪಾರಿ. ನಡುವೆ ಒಬ್ಬ ದಲ್ಲಾಳಿ. 2021ರ ನವೆಂಬರಿನಿಂದ 2022ರ ಫೆಬ್ರವರಿಯವರೆಗೆ ಐದು ಲೋಡು ಹಳೆ ಅಡಿಕೆ ಹೋಗಿದೆ. ಒಂದೊಂದು ಲೋಡಿಗೆ 65 ಕೆಜಿಯ 60 ಗೋಣಿ, ಕೆಜಿಗೆ 480 ರೂಪಾಯಿ. ಶೇಕಡ 5 ಜಿಎಸ್‌ಟಿ ಸೇರಿ ಒಂದು ಲೋಡಿನ ಬಿಲ್ಲು 19,65,600. ಐದಕ್ಕೆ 98,28,000. ಬ್ಯಾಂಕಿನ ಮೂಲಕ ಏಳು ಸಲಕ್ಕೆ ಬಂದದ್ದು 62 ಲಕ್ಷ. ಉಳಿದದ್ದು 36,28,000.

ಒಪ್ಪಂದ ಅಂತ ಬರೆದ ಕಾಗದ ಒಂದೂ ಇಲ್ಲ. ನಮ್ಮ ಕಡೆ ಅಡಿಕೆ ವ್ಯಾಪಾರದಲ್ಲಿ ಯಾರೂ ಬರೆಯುವುದಿಲ್ಲ. ಫೋನಿನಲ್ಲಿ ರೇಟು ಹೇಳುತ್ತಾರೆ, ಲಾರಿ ಬರುತ್ತದೆ, ಅಷ್ಟೇ. ಹೊಸ ಜೂನಿಯರ್‌ಗಳು ಇದನ್ನು ಕೇಳಿ ಗಾಬರಿಯಾಗುತ್ತಾರೆ. ಗಾಬರಿಗೆ ಕಾರಣ ಇಲ್ಲ. ಬಾಯಿಮಾತಿನ ಮಾರಾಟವೂ ಮಾರಾಟವೇ. ಕೆಲಸ ಮಾತ್ರ ಜಾಸ್ತಿ.

ಅಡಿಕೆಯ ವಿಷಯಕ್ಕೆ ಕೈ ಹಾಕುವ ಮೊದಲು ನಾನು ಬಿಲ್ಲಿನ ತಲೆಬರಹ ನೋಡುತ್ತೇನೆ. ಭಟ್ರ ಬಿಲ್ಲಿನ ಮೇಲೆ 'ಆಂಡ್ ಬ್ರದರ್ಸ್' ಅಂತ ಇತ್ತು. ಎದೆ ಸಣ್ಣಗೆ ಹೊಡೆದುಕೊಂಡಿತು. ನೋಂದಣಿ ಆಗದ ಪಾಲುದಾರಿಕೆ ಸಂಸ್ಥೆ ಒಪ್ಪಂದದ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹಾಕುವ ಹಾಗಿಲ್ಲ. ಪಾಲುದಾರಿಕೆ ಕಾಯ್ದೆಯ ಸೆಕ್ಷನ್ 69 ಆ ಬಾಗಿಲನ್ನೇ ಮುಚ್ಚುತ್ತದೆ. ಕೇಳಿದರೆ, ತಮ್ಮ ಹದಿನೈದು ವರ್ಷದ ಹಿಂದೆಯೇ ಪಾಲು ತೆಗೆದುಕೊಂಡು ಹೋಗಿದ್ದಾರೆ. ಜಿಎಸ್‌ಟಿ ನೋಂದಣಿ ಭಟ್ರೊಬ್ಬರ ಹೆಸರಿನಲ್ಲೇ ಇದೆ. "ಬೋರ್ಡು ಬದಲಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ" ಅಂದರು.

ಚೆಕ್ಕಿನ ಕಥೆ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದು ಬೇಗ ಮುಗಿದದ್ದೇ. 2022ರ ಮೇ ತಾರೀಕಿನ, 20 ಲಕ್ಷದ ಚೆಕ್ಕು. ಎದುರಿನವರು "ಹತ್ತು ದಿನ ಹಾಕ್ಬೇಡಿ" ಅಂದಿದ್ದರಂತೆ. ಭಟ್ರು ಅದನ್ನು ಮಡಚಿ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟರು. ಚೆಕ್ಕಿಗೆ ಆಯುಸ್ಸು ಮೂರು ತಿಂಗಳು. ಅಷ್ಟರಲ್ಲಿ ಬ್ಯಾಂಕಿಗೆ ಹಾಕಿ, ಅದು ವಾಪಸು ಬಂದು, ಮಾಹಿತಿ ಸಿಕ್ಕ 30 ದಿನದೊಳಗೆ ನೋಟಿಸು ಕೊಟ್ಟಿದ್ದರೆ ಚೆಕ್ ಬೌನ್ಸಿನ ಕ್ರಿಮಿನಲ್ ಕೇಸು, ಸೆಕ್ಷನ್ 138ರದ್ದು, ಇರುತ್ತಿತ್ತು. ಅದನ್ನು ಭಟ್ರ ಬ್ಯಾಂಕು ಇರುವ ಕಾಸರಗೋಡಿನಲ್ಲೇ ನಡೆಸಬಹುದಿತ್ತು. ಈಗ ಅದು ಬರೇ ಕಾಗದ. ಜೊತೆಗೆ ಬಂದಿದ್ದ ಅಳಿಯ, "ಹಾಗಾದ್ರೆ ಮೋಸ ಅಂತ ಪೊಲೀಸ್ ಕಂಪ್ಲೇಂಟ್ ಕೊಡುವ" ಅಂದ. ಬೇಡ ಅಂದೆ. 62 ಲಕ್ಷ ಕೊಟ್ಟವನನ್ನು ಮೊದಲಿನಿಂದಲೇ ಮೋಸದ ಉದ್ದೇಶ ಇದ್ದವನು ಅಂತ ಹೇಗೆ ಹೇಳುವುದು? ಸಿವಿಲ್ ಬಾಕಿಗೆ ಕ್ರಿಮಿನಲ್ ಬಣ್ಣ ಬಳಿಯಬೇಡಿ ಅಂತ ಸುಪ್ರೀಂ ಕೋರ್ಟು ಎಷ್ಟು ಸಲ ಹೇಳಿದೆಯೋ ಲೆಕ್ಕವಿಲ್ಲ.

ಉಳಿದದ್ದು ಸಿವಿಲ್ ದಾವೆ. ಅದರಲ್ಲಿ ನನಗೆ ಮೊದಲು ಕಾಡಿದ್ದು ವಾಯಿದೆ, ಅಂದರೆ ದಾವೆ ಹಾಕಲು ಕಾನೂನು ಕೊಡುವ ಗಡುವು.

ಸಾಲದ ಅವಧಿ ಇಷ್ಟು ದಿನ ಅಂತ ಗೊತ್ತು ಮಾಡದೆ ಮಾರಿದ ಮಾಲಿಗೆ, ಮಾಲು ಕೊಟ್ಟ ದಿನದಿಂದ ಮೂರು ವರ್ಷ. ಭಟ್ರು "ನಮ್ದು ರನ್ನಿಂಗ್ ಅಕೌಂಟ್ ಅಲ್ವಾ, ಕೊನೆಯ ಲೋಡಿನಿಂದ ಲೆಕ್ಕ ಹಾಕಿದ್ರಾಯ್ತು" ಅಂದರು. ಎಲ್ಲ ವ್ಯಾಪಾರಿಗಳೂ ಹೀಗೇ ನಂಬಿರುತ್ತಾರೆ. ಕಾನೂನು ಹೇಳುವ ಪರಸ್ಪರ ಖಾತೆ ಬೇರೆ. ಅಲ್ಲಿ ಇಬ್ಬರಿಗೂ ಇಬ್ಬರಿಂದ ಬರಬೇಕಾದದ್ದು ಇರಬೇಕು. ಇಲ್ಲಿ ಒಬ್ಬರು ಮಾಲು ಕೊಟ್ಟರು, ಇನ್ನೊಬ್ಬರು ದುಡ್ಡು ಕೊಟ್ಟರು. ಹಾಗಾಗಿ ಲೋಡು ಲೋಡಿಗೂ ಬೇರೆ ಗಡಿಯಾರ.

ಹಾಗಾದರೆ ಬಂದ 62 ಲಕ್ಷ ಯಾವ ಲೋಡಿಗೆ ಸೇರಿತು? ದುಡ್ಡು ಹಾಕುವಾಗ ಎದುರಿನವರು ಬಿಲ್ ನಂಬರ್ ಹೇಳಿಲ್ಲ. ಭಟ್ರೂ ಕಿರ್ದಿಯಲ್ಲಿ (ದಿನದ ಲೆಕ್ಕದ ಪುಸ್ತಕದಲ್ಲಿ) 'ಬ್ಯಾಂಕಿನಿಂದ ಜಮಾ' ಅಂತ ಮಾತ್ರ ಬರೆದಿದ್ದಾರೆ. ಇಬ್ಬರೂ ಹೇಳದಿದ್ದರೆ ಹಳೆಯ ಬಾಕಿಯಿಂದ ಸುರುಮಾಡಿ ಕ್ರಮವಾಗಿ ತೀರಿಸುತ್ತಾ ಬರಬೇಕು ಅನ್ನುತ್ತದೆ ಗುತ್ತಿಗೆ ಕಾಯ್ದೆಯ ಸೆಕ್ಷನ್ 61. ಕ್ಯಾಲ್ಕುಲೇಟರ್ ಹಿಡಿದು ಕೂತೆವು. ಮೊದಲ ಮೂರು ಲೋಡಿಗೆ 58,96,800 ಪೂರ್ತಿ ಸಂದಿತು. ಉಳಿದ 3,03,200 ನಾಲ್ಕನೇ ಲೋಡಿಗೆ ಹೋಯಿತು. ಅಂದರೆ ಈಗಿನ ಬಾಕಿ ನಾಲ್ಕನೇ ಲೋಡಿನ 16,62,400 ಮತ್ತು ಐದನೆಯ ಪೂರ್ತಿ ಬಿಲ್ಲು. ನಾಲ್ಕನೇ ಲೋಡು ಹೊರಟದ್ದು 2022ರ ಜನವರಿ 18ಕ್ಕೆ. ನಮಗೆ ಉಳಿದದ್ದು ನಾಲ್ಕು ತಿಂಗಳು.

ಈ ಲೆಕ್ಕ ಮಾಡುವಾಗ ಅದು ವಾಯಿದೆಯ ಲೆಕ್ಕ ಅಷ್ಟೇ ಅಂದುಕೊಂಡಿದ್ದೆ. ನಾಲ್ಕನೇ ಲೋಡಿನ ನಿಜವಾದ ತೂಕ ಆಮೇಲೆ ಗೊತ್ತಾಯಿತು.

ಮರುದಿನ ಭಟ್ರ ಜಿಎಸ್‌ಟಿ ನೋಡುವ ಹುಡುಗಿಗೆ ಫೋನ್ ಮಾಡಿದೆ. ಯಜಮಾನರ ಹತ್ತಿರ ಇಲ್ಲದ ಕಾಗದ ಲೆಕ್ಕ ಬರೆಯುವವರ ಹತ್ತಿರ ಇರುತ್ತದೆ, ಇದು ನನ್ನ ಅನುಭವ. ಅವಳ ಫೈಲಿನಲ್ಲಿ ಒಂದು ಹಾಳೆ ಸಿಕ್ಕಿತು. ಎದುರಿನವರ ಲೆಟರ್‌ಹೆಡ್ಡು. 31.03.2022ಕ್ಕೆ ನಿಮಗೆ ಕೊಡಬೇಕಾದ ಬಾಕಿ 36,28,000, ದಯವಿಟ್ಟು ದೃಢಪಡಿಸಿ ಅಂತ ಎರಡು ಸಾಲು. ಕೆಳಗೆ ನೇರಳೆ ಸೀಲು, ಅದರ ಮೇಲೆ ಸಹಿ, 2022ರ ಏಪ್ರಿಲ್ 6. ವರ್ಷಾಂತ್ಯದಲ್ಲಿ ಅವರ ಆಡಿಟರ್ ಕೇಳಿದ್ದಕ್ಕೆ ಕಳಿಸಿದ ಕಾಗದ. ಅವರ ಮಟ್ಟಿಗೆ ಅದೊಂದು ಶಾಸ್ತ್ರ.

ನನಗೆ ಅದು ಎರಡು ಕಡೆ ಬೇಕಾಗಿತ್ತು. ವಾಯಿದೆ ಮುಗಿಯುವ ಮೊದಲು ಬಾಕಿ ಒಪ್ಪಿ ಸಹಿ ಮಾಡಿದರೆ ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಕಾಲಮಿತಿ ಕಾಯ್ದೆಯ ಸೆಕ್ಷನ್ 18. 2025ರ ಏಪ್ರಿಲ್‌ವರೆಗೆ ಉಸಿರಾಡಬಹುದು. ಎರಡನೆಯದು, ಐದು ಲೋಡೂ ಕೈಸೇರಿದ ಮೇಲೆ ಬರೆದ ಕಾಗದ ಅದು. ಅದರಲ್ಲಿ ಗುಣಮಟ್ಟದ ಬಗ್ಗೆ ಒಂದು ಅಕ್ಷರವಿಲ್ಲ. 'ಮಾಲು ಸರಿ ಇಲ್ಲ' ಅನ್ನುವ ಮೊದಲ ವಾಟ್ಸಾಪ್ ಬಂದದ್ದು 2022ರ ಆಗಸ್ಟಿನಲ್ಲಿ, ಭಟ್ರು ದುಡ್ಡು ಕೇಳಿದ್ದಕ್ಕೆ ಉತ್ತರವಾಗಿ.

ಸರಕು ಮಾರಾಟ ಕಾಯ್ದೆ 1930ರದ್ದು, ಆದರೆ ಈ ವಿಷಯದಲ್ಲಿ ಇವತ್ತಿನ ಅಡಿಕೆ ಅಂಗಡಿಗೂ ಸರಿಯಾಗಿ ಹೊಂದುತ್ತದೆ. ಮಾಲು ಪರೀಕ್ಷೆ ಮಾಡಲು ಕೊಂಡವನಿಗೆ ಹಕ್ಕಿದೆ. ಆದರೆ ಬೇಡ ಅನ್ನದೆ ಸಾಕಷ್ಟು ಸಮಯ ಇಟ್ಟುಕೊಂಡರೆ, ಅಥವಾ ತನ್ನದೇ ಅನ್ನುವ ಹಾಗೆ ಬೇರೆಯವರಿಗೆ ಮಾರಿದರೆ, ಒಪ್ಪಿಕೊಂಡ ಹಾಗೆ. ಆಮೇಲೆ ಮಾಲು ವಾಪಸು ಅನ್ನುವಂತಿಲ್ಲ. ಕೊರತೆ ಇದ್ದದ್ದು ನಿಜವಾದರೆ ಅದರಷ್ಟು ಬೆಲೆ ಮುರಿದುಕೊಳ್ಳಬಹುದು. ಲಾರಿಯಲ್ಲಿ ಸರಕು ಸಾಗಿಸುವಾಗ ಮಾಡಿಸಬೇಕಾದ ಇ-ವೇ ಬಿಲ್ಲಿನ ನಿಯಮವೂ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ. 72 ಗಂಟೆಯೊಳಗೆ ತಿರಸ್ಕರಿಸದಿದ್ದರೆ ಆ ಸರಕನ್ನು ಒಪ್ಪಿದಂತೆ. ಗುಣಮಟ್ಟಕ್ಕೆ ಅದು ಪೂರ್ತಿ ಉತ್ತರವಲ್ಲ, ಆದರೆ ಐದು ಲಾರಿಗೂ ತುಟಿ ಬಿಚ್ಚಲಿಲ್ಲ ಅನ್ನುವುದಕ್ಕೆ ಸಾಕ್ಷಿ.

ಅಕ್ಟೋಬರಿನಲ್ಲಿ ನೋಟಿಸು ಕಳಿಸಿದೆ. ಬಿಲ್ಲಿನ ಅಡಿಯಲ್ಲಿ ಶೇಕಡ 24 ಬಡ್ಡಿ ಅಂತ ಅಚ್ಚಾಗಿತ್ತು. ನಾನು 12 ಕೇಳಿದೆ. ಭಟ್ರಿಗೆ ಬೇಸರ. ಎದುರಿನವರ ಸಹಿ ಇಲ್ಲದ ಅಚ್ಚಿನ ಸಾಲನ್ನು ಹಿಡಿದು ಜಗ್ಗಿದರೆ ಉಳಿದ ಲೆಕ್ಕದ ಮೇಲಿನ ನಂಬಿಕೆಯೂ ಹೋಗುತ್ತದೆ ಅಂತ ನನ್ನ ಲೆಕ್ಕ. ಉತ್ತರ ಬಂತು: ಐದೂ ಲೋಡಿನಲ್ಲಿ ಕೆಳದರ್ಜೆಯ ಮಾಲು, ಕೆಜಿಗೆ 150ರಂತೆ 19,500 ಕೆಜಿಗೆ 29,25,000 ಮುರಿಯುತ್ತೇವೆ, ಉಳಿದ 7,03,000 ಬೇಕಾದರೆ ತಗೊಳ್ಳಿ.

ಇಷ್ಟಾದಾಗ ನಮ್ಮ ಕೈ ಮೇಲೆ ಅನಿಸಿತ್ತು. ಆಗ ಹಳೆ ಫೋನ್ ಬಂತು.

ಭಟ್ರು 2023ರಲ್ಲಿ ಫೋನ್ ಬದಲಿಸಿದ್ದರು. ಹಳೆಯದು ಮೊಮ್ಮಗಳ ಕೈಯಲ್ಲಿ, ಗಾಜು ಒಡೆದು, ಹಿಂದೆ ಚಿಟ್ಟೆಯ ಸ್ಟಿಕ್ಕರ್ ಅಂಟಿಸಿಕೊಂಡು ಇತ್ತು. ವಾಟ್ಸಾಪ್ ಸಾಕ್ಷಿಯಾಗಬೇಕಾದರೆ ಮೂಲ ಫೋನ್ ನೋಡದೆ ನಾನು ಮುಂದೆ ಹೋಗುವುದಿಲ್ಲ. 2024ರ ಜುಲೈಯಿಂದ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರದಲ್ಲಿ ಎರಡು ಭಾಗ ಇದೆ. ಒಂದು ಫೋನಿನ ಯಜಮಾನರದ್ದು, ಇನ್ನೊಂದು ತಜ್ಞರದ್ದು. ಫೈಲು ಬದಲಾಗಿಲ್ಲ ಅಂತ ತೋರಿಸುವ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ಹಾಗಾಗಿ ಒಂದು ಶನಿವಾರ ಮಧ್ಯಾಹ್ನ ಪೂರ್ತಿ ಕೂತು ಚಾಟುಗಳನ್ನು ನೋಡಿದೆವು, ವಾಯ್ಸ್ ಮೆಸೇಜುಗಳನ್ನೂ ಕೇಳಿದೆವು. ಹೆಚ್ಚಿನವು ಕೆಲಸಕ್ಕೆ ಬಾರದವು. ಮದುವೆ, ಮಳೆ, ಕೊಳೆರೋಗ, ಇವತ್ತಿನ ರೇಟು.

2022ರ ಜನವರಿ 21, ದಲ್ಲಾಳಿಗೆ ಕಳಿಸಿದ 31 ಸೆಕೆಂಡಿನದೊಂದು ಇತ್ತು. ಹಿಂದೆ ಅಡಿಕೆ ಸುರಿಯುವ ಸದ್ದು. ಭಟ್ರ ಸ್ವರ: "ಆ ನಾಲ್ಕನೇ ಲೋಡಲ್ಲಿ ನಲ್ವತ್ತು ಗೋಣಿ ಪಟೋರ ಹೋಗಿದೆ ಮಾರಾಯ. ನಮ್ಮ ಹುಡುಗ್ರು ಗಾರ್ಬಲ್ ಮಾಡುವಾಗ ನೋಡ್ಲಿಲ್ಲ. ಅವ್ರು ಕೇಳಿದ್ರೆ ಅದಕ್ಕೆ ಕಡಿಮೆ ಮಾಡುವ. ಈಗ ಹೇಳ್ಬೇಡ."

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಅಳಿಯ ಕೈ ಚಾಚಿದ. "ಡಿಲೀಟ್ ಮಾಡಿದ್ರಾಯ್ತಲ್ಲ." ಫೋನನ್ನು ನಾನು ನನ್ನ ಕಡೆ ಎಳೆದುಕೊಂಡೆ.

40 ಗೋಣಿಯ ವಿಷಯ ಅಷ್ಟು ದೊಡ್ಡದಲ್ಲ. 'ಈಗ ಹೇಳ್ಬೇಡ' ಅನ್ನುವುದು ದೊಡ್ಡದು. ಎದುರಿನವರು ಸುಮ್ಮನಿದ್ದರು ಅಂತ ನಾನು ಕಟ್ಟುತ್ತಿದ್ದ ವಾದಕ್ಕೆ ನಮ್ಮವರೂ ಗೊತ್ತಿದ್ದೇ ಸುಮ್ಮನಿದ್ದರು ಅನ್ನುವ ಉತ್ತರ ಅದರಲ್ಲಿತ್ತು. ಅದೂ ನಾಲ್ಕನೇ ಲೋಡು. ನಮ್ಮದೇ ಲೆಕ್ಕದ ಪ್ರಕಾರ ದುಡ್ಡು ಬಾಕಿ ಇರುವ ಲೋಡು.

ಮುಚ್ಚಿಡುವ ದಾರಿ ಇರಲಿಲ್ಲ, ನನಗೆ ಬೇಕಾಗಿಯೂ ಇರಲಿಲ್ಲ. ವಾಣಿಜ್ಯ ದಾವೆಯಲ್ಲಿ ವಾದಿ ತನ್ನ ಹತ್ತಿರ ಇರುವ ಸಂಬಂಧಪಟ್ಟ ದಾಖಲೆಗಳನ್ನೆಲ್ಲ ದಾವಾಪತ್ರದ ಜೊತೆಗೇ ತೋರಿಸಬೇಕು. ತನ್ನ ಪರ ಇರಲಿ, ವಿರುದ್ಧ ಇರಲಿ. ಬೇರೆ ಏನೂ ನನ್ನ ಹತ್ತಿರ ಇಲ್ಲ ಅಂತ ಪ್ರಮಾಣ ಮಾಡಬೇಕು. ಭಟ್ರಿಗೆ ಅದನ್ನು ಹೇಳಿದೆ. ಅಳಿಯನಿಗೆ ಇನ್ನೊಂದು ಮಾತು ಹೇಳಿದೆ: ಆ ಮೆಸೇಜು ದಲ್ಲಾಳಿಯ ಫೋನಿನಲ್ಲೂ ಇದೆ, ಮತ್ತು ದಲ್ಲಾಳಿಗೆ ಇಬ್ಬರೂ ಗಿರಾಕಿಗಳೇ.

ಭಟ್ರು ಸ್ವಲ್ಪ ಹೊತ್ತು ಕೆಳಗೆ ನೋಡುತ್ತಿದ್ದರು. ಆಮೇಲೆ, "ಪಟೋರ ಹೋದದ್ದು ಹೌದು. ಆದ್ರೆ ಐದೂ ಲೋಡು ಹಾಳು ಅಂದ್ರೆ ಅದು ಸುಳ್ಳು" ಅಂದರು. ನನಗೆ ಕೇಸಿನ ನಿಜವಾದ ಗಾತ್ರ ಗೊತ್ತಾದದ್ದು ಆಗ. 40 ಗೋಣಿ, 2,600 ಕೆಜಿ. ಆ ದಿನ ಹಳತಿಗೂ ಪಟೋರಕ್ಕೂ ಭಟ್ರ ಕಿರ್ದಿಯಲ್ಲಿದ್ದ ವ್ಯತ್ಯಾಸ ಕೆಜಿಗೆ 110. ಅಂದರೆ 2,86,000. ಎದುರಿನವರು ಕೇಳಿದ್ದು ಇದರ ಹತ್ತು ಪಟ್ಟು.

ಈ ನಡುವೆ ಒಂದು ಉಪಕಥೆ. ಕಿರ್ದಿ ಇರುವುದು ಕನ್ನಡದಲ್ಲಿ. ಇಲ್ಲಿನ ಕೋರ್ಟಿಗೆ ಇಂಗ್ಲಿಷೋ ಮಲಯಾಳವೋ ಬೇಕು, ಅನುವಾದ ಮಾಡಿಸಬೇಕು. ಅನುವಾದ ಮಾಡಿದವರು 'ಪಟೋರ' ಇದ್ದ ಕಡೆಯಲ್ಲೆಲ್ಲ 'ಹಾಳಾದ ಅಡಿಕೆ' ಅಂತ ಬರೆದು ತಂದರು. ಹಾಳಾದ ಅಡಿಕೆ ಬೇರೆ, ಪಟೋರ ಬೇರೆ. ಪಟೋರಕ್ಕೆ ಅದರದ್ದೇ ರೇಟು ಇದೆ, ದಿನಾ ಮಾರಾಟವಾಗುತ್ತದೆ. ಆ ಒಂದು ಪದದಿಂದ ನಮ್ಮ ದಾಖಲೆಯೇ ಅವರ ವಾದವನ್ನು ಒಪ್ಪಿಬಿಡುತ್ತಿತ್ತು. ಹೊಸತು, ಹಳತು, ಪಟೋರ, ಕೋಕ, ಕರಿಗೋಟು, ದರ್ಜೆಗಳ ಈ ಹೆಸರು ಎಲ್ಲವನ್ನೂ ಹಾಗೇ ಇಟ್ಟು, ಪ್ರತಿಯೊಂದಕ್ಕೂ ಒಂದು ಸಾಲಿನ ವಿವರಣೆ ಹಾಕಿಸಿದೆ. ಗಡಿಯ ಕೋರ್ಟಿನಲ್ಲಿ ಇಂಥ ಕೆಲಸಕ್ಕೆ ಯಾರೂ ಫೀಸು ಕೊಡುವುದಿಲ್ಲ.

ನೇರ ದಾವೆ ಹಾಕುವಂತಿರಲಿಲ್ಲ. ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ವಾಣಿಜ್ಯ ವಿವಾದದಲ್ಲಿ ತುರ್ತು ಮಧ್ಯಂತರ ಆದೇಶ ಬೇಡದಿದ್ದರೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಗೆ 2018ರಲ್ಲಿ ಸೇರಿದ ಸೆಕ್ಷನ್ 12ಎ ಇದು. ಹೋಗದೆ ಹಾಕಿದ ದಾವೆಯನ್ನು ತಿರಸ್ಕರಿಸಬೇಕು ಅಂತ 2022ರ ಆಗಸ್ಟಿನಲ್ಲಿ ಪಾಟೀಲ್ ಆಟೋಮೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಭಟ್ರು ಎದುರಿನವರ ಗೋದಾಮು ಜಪ್ತಿ ಮಾಡಿಸಿ ಅಂದರು. ಅವರು ಆಸ್ತಿ ಸಾಗಿಸುತ್ತಿದ್ದಾರೆ ಅನ್ನುವುದಕ್ಕೆ ನಮ್ಮ ಹತ್ತಿರ ಏನೂ ಇರಲಿಲ್ಲ. ಮಧ್ಯಸ್ಥಿಕೆ ತಪ್ಪಿಸಲು ತುರ್ತಿನ ನಾಟಕ ಆಡಿದರೆ ಕೋರ್ಟು ನೋಡಿ ಹಿಡಿಯುತ್ತದೆ. ಅದನ್ನೂ ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಸಾವಿರ ರೂಪಾಯಿ ಕಟ್ಟಿ ಅರ್ಜಿ ಹಾಕಿದೆವು. ಎದುರಿನವರು ಬರುವುದಿಲ್ಲ ಅಂದುಕೊಂಡಿದ್ದೆ. ಬಂದರು. ಹತ್ತರಿಂದ ಐವತ್ತು ಲಕ್ಷದವರೆಗಿನ ವಿವಾದಕ್ಕೆ ಮಧ್ಯಸ್ಥಿಕೆಯ ಫೀಸು 30,000, ಅರ್ಧ ಅರ್ಧ. ಮೂರು ತಿಂಗಳ ಗಡುವು, ಇಬ್ಬರೂ ಒಪ್ಪಿದರೆ ಇನ್ನೆರಡು. ಆ ಸಮಯ ವಾಯಿದೆಯಲ್ಲಿ ಲೆಕ್ಕಕ್ಕಿಲ್ಲ.

ಮಧ್ಯಸ್ಥರು ಮಲಯಾಳದವರು, ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ. ಎದುರಿನ ವ್ಯಾಪಾರಿ ಮತ್ತು ಭಟ್ರು ಮೊದಲ ಹತ್ತು ನಿಮಿಷ ತುಳುವಿನಲ್ಲಿ ಪರಸ್ಪರರ ಆರೋಗ್ಯ ವಿಚಾರಿಸಿದರು. ಆಮೇಲೆ ಕನ್ನಡದಲ್ಲಿ ಜಗಳ.

ಎರಡನೇ ದಿನ ಅವರು ಫೋಟೋಗಳನ್ನು ಹರಡಿದರು. ಗೋದಾಮಿನಲ್ಲಿ ಬಾಯಿ ಬಿಚ್ಚಿದ ಗೋಣಿಗಳು, ಒಳಗೆ ಕಪ್ಪಾದ ಅಡಿಕೆ. ಭಟ್ರು ಕನ್ನಡಕ ಹಣೆಗೇರಿಸಿ ಒಂದೊಂದನ್ನೇ ಮೂಗಿನ ಹತ್ತಿರ ತಂದು ನೋಡಿದರು. "ಇದು ನನ್ನ ಗೋಣಿ ಅಲ್ಲ." ಅವರ ಗೋಣಿಗೆ ಹಸಿರು ಶಾಯಿಯ ಮಾರ್ಕು, ಬಾಯಿಗೆ ಕೆಂಪು ದಾರದ ಹೊಲಿಗೆ. ಫೋಟೋದಲ್ಲಿದ್ದದ್ದು ನೀಲಿ ದಾರ. ಅದನ್ನು ನಾನಾಗಿದ್ದರೆ ನೋಡುತ್ತಲೇ ಇರಲಿಲ್ಲ.

ಅವರು ಸುಮ್ಮನಾದ ಹೊತ್ತಿಗೆ, ಮೊದಲೇ ಮಾತಾಡಿಕೊಂಡಿದ್ದ ಹಾಗೆ, 40 ಗೋಣಿಯ ವಿಷಯವನ್ನು ನಾವೇ ತೆಗೆದೆವು. ಭಟ್ರೇ ಹೇಳಿದರು. ನಾಲ್ಕನೇ ಲೋಡು, ಇಷ್ಟು ಗೋಣಿ, ಇಷ್ಟು ವ್ಯತ್ಯಾಸ, ಅದನ್ನು ಮುರಿದುಕೊಳ್ಳಿ. ಅಲ್ಲಿ ಆಡಿದ ಮಾತು ಗೌಪ್ಯ, ಆಮೇಲೆ ಕೋರ್ಟಿನಲ್ಲಿ ಬಳಸುವಂತಿಲ್ಲ ಅನ್ನುವ ಧೈರ್ಯ ನನಗಿತ್ತು. ಮೆಸೇಜು ಹೇಗೂ ಒಂದು ದಿನ ಹೊರಗೆ ಬರುವುದೇ. ಅವರ ಬಾಯಿಂದ ಬರುವುದಕ್ಕಿಂತ ನಮ್ಮ ಬಾಯಿಂದ ಬರಲಿ ಅಂತ ನನ್ನ ಲೆಕ್ಕ. ಸಂಗಾತಿ ವಕೀಲರೊಬ್ಬರು ಆಮೇಲೆ ಇದನ್ನು ಹುಚ್ಚು ಅಂದರು. ಈಗಲೂ ನನಗೆ ಹಾಗೆ ಅನಿಸುವುದಿಲ್ಲ.

ಎದುರಿನ ವ್ಯಾಪಾರಿ ತಮ್ಮ ಅಕೌಂಟೆಂಟ್ ಮುಖ ನೋಡಿದರು. ಬೇರೆ ಯಾವ ಲೋಡು, ಎಷ್ಟು ಗೋಣಿ ಅಂತ ಮಧ್ಯಸ್ಥರು ಕೇಳಿದರೆ ಉತ್ತರ ಇಲ್ಲ. ನಾನು ಒಂದೇ ಪ್ರಶ್ನೆ ಕೇಳಿದೆ: ಐದೂ ಬಿಲ್ಲಿನ ಜಿಎಸ್‌ಟಿ ಕ್ರೆಡಿಟ್ (ಕೊಳ್ಳುವಾಗಿನ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ಮುರಿದುಕೊಳ್ಳುವುದು) ಪೂರ್ತಿ ತಗೊಂಡಿದ್ದೀರಾ, ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಇಳಿಸುವ ಚೀಟಿ) ಯಾವತ್ತಾದರೂ ಕೇಳಿದ್ದೀರಾ? 180 ದಿನದೊಳಗೆ ಮಾರಿದವರಿಗೆ ದುಡ್ಡು ಕೊಡದಿದ್ದರೆ ಆ ಕ್ರೆಡಿಟ್ಟನ್ನು ಬಡ್ಡಿ ಸಮೇತ ಹಿಂತಿರುಗಿಸಬೇಕು ಅಂತ ಅಕೌಂಟೆಂಟಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. ಬೆದರಿಸಲಿಲ್ಲ. ಪ್ರಶ್ನೆಯನ್ನು ಮೇಜಿನ ಮೇಲಿಟ್ಟು ಚಹಾ ಕುಡಿದೆ.

ಮೂರನೇ ದಿನ ಮೊತ್ತ ಹತ್ತಿರ ಬಂತು. 36,28,000ದಲ್ಲಿ 2,86,000 ಹೋಗಿ 33,42,000. ಆಗ ಎಲ್ಲ ಮುರಿದು ಬೀಳುವ ಹಾಗಾದದ್ದು 14,300 ರೂಪಾಯಿಗೆ. ಮುರಿದ 2,86,000ದ ಮೇಲಿನ ಜಿಎಸ್‌ಟಿ ಅದು. ಭಟ್ರು ಅದನ್ನು ಸರ್ಕಾರಕ್ಕೆ ಆಗಲೇ ಕಟ್ಟಿದ್ದಾರೆ. ತೆರಿಗೆ ಕಡಿಮೆ ಮಾಡಿಸುವ ಕ್ರೆಡಿಟ್ ನೋಟ್ ಆ ಆರ್ಥಿಕ ವರ್ಷ ಮುಗಿದ ಮೇಲಿನ ನವೆಂಬರ್ 30ರೊಳಗೆ ಆಗಬೇಕಿತ್ತು, ಅಂದರೆ 2022ರಲ್ಲೇ. ಈಗ ಯಾರಾದರೂ ಒಬ್ಬರು ಕೈಯಿಂದ ಕಳೆದುಕೊಳ್ಳಬೇಕು. ಮೂವತ್ತು ಲಕ್ಷದ ಮಾತನ್ನು ಒಂದು ಗಂಟೆಯಲ್ಲಿ ಮುಗಿಸಿದ ಇಬ್ಬರು ಇದಕ್ಕೆ ಒಂದೂವರೆ ಗಂಟೆ ಹೊಡೆದಾಡಿದರು. ಭಟ್ರು ಚೀಲ ಎತ್ತಿಕೊಂಡು ಬಾಗಿಲವರೆಗೆ ಹೋಗಿಯೂ ಆಯಿತು. ಕೊನೆಗೆ 7,150 ಒಬ್ಬೊಬ್ಬರಿಗೆ.

2024ರ ಡಿಸೆಂಬರ್ 19ಕ್ಕೆ ಸಹಿ. ಒಟ್ಟು 35 ಲಕ್ಷ. ಅದರಲ್ಲಿ ಬಡ್ಡಿಯ ಪಾಲು 1,65,150. ಶೇಕಡ 12ರಂತೆ ಪೂರ್ತಿ ಹಾಕಿದ್ದರೆ 11 ಲಕ್ಷದ ಹತ್ತಿರ ಆಗುತ್ತಿತ್ತು. ಭಟ್ರು ಇದನ್ನು ಈಗಲೂ ನನಗೆ ನೆನಪಿಸುತ್ತಾರೆ. ದಾವೆ, ಸಾಕ್ಷಿ, ಅಪೀಲು, ಅಮಲ್ಜಾರಿ (ತೀರ್ಪನ್ನು ಜಾರಿ ಮಾಡಿಸುವುದು) ಅಂತ ಹೋಗಿದ್ದರೆ ಎಷ್ಟು ವರ್ಷ, ಮತ್ತು ಸಾಕ್ಷಿ ಕಟಕಟೆಯಲ್ಲಿ ಆ 31 ಸೆಕೆಂಡು ಕೇಳಿಸಿದ ಮೇಲೆ ಏನು ಉಳಿಯುತ್ತಿತ್ತು ಅಂತ ನಾನೂ ನೆನಪಿಸುತ್ತೇನೆ. 11 ಲಕ್ಷ ಅವತ್ತೇ, ಉಳಿದದ್ದು ತಿಂಗಳಿಗೆ ನಾಲ್ಕು ಲಕ್ಷದಂತೆ ಆರು ಕಂತು. ತಪ್ಪಿದರೆ ಪೂರ್ತಿ 36,28,000ಕ್ಕೆ ಶೇಕಡ 12 ಬಡ್ಡಿ, ಕೊಟ್ಟದ್ದನ್ನು ಕಳೆದು. ಕಂತಿಗೆ ಐದು ದಿನ ರಿಯಾಯಿತಿ. ಸೆಕ್ಷನ್ 12ಎ ಅಡಿಯಲ್ಲಿ ಆದ ರಾಜಿಗೆ ಆರ್ಬಿಟ್ರೇಷನ್ ತೀರ್ಪಿನ ಬಲ ಇದೆ. ಹೊಸ ದಾವೆ ಬೇಡ, ನೇರ ಅಮಲ್ಜಾರಿಗೆ ಹೋಗಬಹುದು.

ಐದು ಕಂತು ಸರಿಯಾಗಿ ಬಂತು. ಆರನೆಯದು 2025ರ ಜೂನ್ 19ಕ್ಕೆ ಬರಬೇಕಿತ್ತು. 20ನೇ ತಾರೀಕು ಬೆಳಿಗ್ಗೆ ಆರೂವರೆಗೆ ಫೋನ್. ಹೊರಗೆ ಜೋರು ಮಳೆ, ಸರಿಯಾಗಿ ಕೇಳಿಸುತ್ತಿಲ್ಲ.

"ವಕೀಲ್ರೇ, ತಪ್ಪಿದ್ರಲ್ಲ ಅವ್ರು! ಈಗ ಹನ್ನೆರಡು ಪರ್ಸೆಂಟ್ ಹಾಕ್ಬಹುದಲ್ವಾ?"

"ಇನ್ನೂ ನಾಲ್ಕು ದಿನ ಇದೆ ಭಟ್ರೇ."

"ಓ," ಅಂದರು. ಸ್ವಲ್ಪ ಬೇಸರದಲ್ಲೇ. ದುಡ್ಡು ಮರುದಿನ ಬಂತು.